ಬಾಗಿಲು ಹಾಕಿ ಕೇಳಿದ ಪ್ರಶ್ನೆ

೧೯೮೧ನೇ ಇಸವಿಯ ಮಳೆಗಾಲದಲ್ಲಿ ನನ್ನ ತಂಗಿ ಸುಮತಿಯ ಹೊಟ್ಟೆ ದೊಡ್ಡದಾಗತೊಡಗಿತು. ಆಗ ಅವಳಿಗೆ ಮದುವೆಯಾಗಿರಲಿಲ್ಲ.

ಈ ಎರಡು ಮಾತನ್ನು ಒಟ್ಟಿಗೆ ಬರೆದರೆ ಓದುವವರ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ನಮ್ಮ ಊರಿನವರ ಮನಸ್ಸೂ ಅಲ್ಲಿಗೇ ಹೋಯಿತು. ಸುಳ್ಳು ಯಾಕೆ, ನನ್ನದೂ ಹೋಯಿತು. ಹೊಳೆಬದಿಯ ದೇವಿ ಅಮ್ಮನ ಸನ್ನಿಧಿಗೆ ನಡೆದುಕೊಳ್ಳುವ ನಿಮ್ಮೆಲ್ಲರ ಮುಂದೆ ಇದನ್ನು ಹೇಳಬೇಕೆಂದು ಕೆಲವು ವರ್ಷಗಳಿಂದ ಇತ್ತು. "ಬರಿ ಅಕ್ಕ, ನನ್ನ ಹೆಸರು ಹಾಕಿಯೇ ಬರಿ" ಎಂದು ಸುಮತಿಯೇ ಹೇಳಿದ ಮೇಲೆ ಕೂತಿದ್ದೇನೆ.

ನಮ್ಮದು ನರಿಕೊಂಬು. ತಂದೆ ತಾಯಿ ಬೇಗ ಹೋದ ಕಾರಣ ಸುಮತಿಯನ್ನು ಸಾಕಿದವಳು ನಾನೇ. ನಮ್ಮವರು ಬೊಂಬಾಯಿಯ ಹೋಟೆಲಿನಲ್ಲಿ ಅಡಿಗೆ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಬರುವವರು. ನಾನು ಬಂಟ್ವಾಳ ಪೇಟೆಯಲ್ಲಿ ಒಂದು ಮೆಷಿನ್ ಇಟ್ಟುಕೊಂಡು ರವಿಕೆ, ಲಂಗ ಹೊಲಿಯುತ್ತಿದ್ದೆ. ಆ ವರ್ಷ ಸುಮತಿಗೆ ವೇಣೂರಿನ ಕಡೆಯ ಸಂಬಂಧ ಕೂಡಿ ಬಂದಿತ್ತು. ಹುಡುಗ ವಸಂತ, ಬೆಳ್ತಂಗಡಿಯಲ್ಲಿ ಸೈಕಲ್ ರಿಪೇರಿಯ ಅಂಗಡಿ. ಮಾತುಕತೆ ಮುಗಿದು, ಚೌತಿ ಕಳೆದ ಮೇಲೆ ಮದುವೆ ಎಂದು ನಿಶ್ಚಯವಾಗಿತ್ತು.

ದರ್ಜಿಯ ಕಣ್ಣಿಗೆ ಮೊದಲು ಕಾಣುವುದು ಅಳತೆ. ಆಟಿ ತಿಂಗಳು, ಅಂದರೆ ಆಷಾಢ, ಶುರುವಾಗುವಾಗ ಸುಮತಿಯ ಲಂಗದ ಸೊಂಟ ಬಿಡಿಸಿ ಹೊಲಿಯಬೇಕಾಯಿತು. ಸ್ವಲ್ಪ ಸಮಯದಲ್ಲೇ ಮತ್ತೊಮ್ಮೆ. ಕೈಕಾಲು ಕಡ್ಡಿಯಾಗಿತ್ತು, ಮುಖ ಬಿಳಿಚಿತ್ತು, ಹೊಟ್ಟೆ ಮಾತ್ರ ಮುಂದೆ. ನಾನು ಟೇಪು ಹಿಡಿದುಕೊಂಡೇ ಕೇಳಿದೆ, "ನನ್ನ ಹತ್ತಿರ ಹೇಳು ಮಾರಾಯ್ತಿ. ಎಂಥದಾದರೂ ಉಂಟಾ?" ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಅಂಗಡಿಗೆ ಅಳತೆ ಕೊಡಲು ಬರುವ ಹೆಂಗಸರು ಈಗ ಬೇರೆ ರೀತಿ ಮಾತಾಡತೊಡಗಿದರು. "ತಂಗಿಯನ್ನು ಕಾಣುವುದೇ ಇಲ್ಲ ಈಗ?" ಎಂದು ಒಬ್ಬಳು. "ಮದುವೆ ಸ್ವಲ್ಪ ಬೇಗ ಇಟ್ಟುಕೊಳ್ಳಬಹುದಿತ್ತು" ಎಂದು ಇನ್ನೊಬ್ಬಳು. ಎಲ್ಲರೂ ನಗುಮುಖದಲ್ಲಿಯೇ ಹೇಳುವುದು. ಯಾರು ಬಟ್ಟೆ ಹೊಲಿಸಲು ಬಂದವರು, ಯಾರು ಸುದ್ದಿ ಹೊಲಿಯಲು ಬಂದವರು ಎಂದು ನನಗೆ ತಿಳಿಯದಾಯಿತು. ಹತ್ತಿರದ ಮನೆಯಲ್ಲಿದ್ದ ನಮ್ಮ ಚಿಕ್ಕಮ್ಮ ದಿನಾ ಸಂಜೆ ಬಂದು ಸುಮತಿಯ ಬಳಿ ಕೂರುತ್ತಿದ್ದರು. ನಾನು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಅದೂ ನನಗೆ ಸರಿ ಕಾಣಲಿಲ್ಲ.

ಕೊನೆಗೆ ಬಂಟ್ವಾಳದ ಡಾಕ್ಟರಿಗೆ ತೋರಿಸಿದೆ. ಅವರು ಹೊಟ್ಟೆ ಒತ್ತಿ ನೋಡಿ, "ಇದು ಗರ್ಭ ಅಲ್ಲ, ಗಡ್ಡೆ. ಆಪರೇಶನ್ ಮಾಡಿ ತೆಗೆಯಬೇಕು, ತಡ ಮಾಡಬೇಡಿ" ಎಂದು ಮೂಡುಬಿದಿರೆಯ ಒಂದು ಆಸ್ಪತ್ರೆಗೆ ಚೀಟಿ ಕೊಟ್ಟರು. ಆ ಮಾತು ಕೇಳಿ ನನಗೆ ಒಮ್ಮೆ ಉಸಿರು ಬಂದ ಹಾಗಾಯಿತು. ಆದರೆ ಊರಿಗೆ ಅದು ಸಾಕಾಗಲಿಲ್ಲ. "ಗಡ್ಡೆಯಂತೆ" ಎಂದು ಹೇಳುವಾಗ ಆ 'ಅಂತೆ'ಯನ್ನು ಎಳೆದು ಹೇಳುತ್ತಿದ್ದರು. ಮದುವೆ ಹತ್ತಿರ ಬಂದಾಗ ಹುಡುಗಿಯರಿಗೆ ಮಾಡಿಸುವ ಆಪರೇಶನ್ ಯಾವುದೆಂದು ಎಲ್ಲರಿಗೂ ಗೊತ್ತಿದ್ದ ಹಾಗೆ.

ಸುದ್ದಿ ವೇಣೂರಿಗೆ ಮುಟ್ಟಿತು. ವಸಂತನ ಸೋದರಮಾವ ಕಾಂತಪ್ಪ ನಮ್ಮ ಮನೆಗೆ ಬಂದರು. ಆ ಮನೆಯಲ್ಲಿ ಅವರ ಮಾತೇ ಮಾತು. ನೀರು ಬೆಲ್ಲ ಕೊಟ್ಟೆ, ಮುಟ್ಟಲಿಲ್ಲ.

"ಎಂಥ ಆಪರೇಶನ್ ಅದು?" ಎಂದು ಕೇಳಿದರು.

"ಹೊಟ್ಟೆಯಲ್ಲಿ ಗಡ್ಡೆ ಉಂಟು ಅಂತ ಹೇಳಿದ್ದಾರೆ."

"ಗಡ್ಡೆ ತೆಗೆದ ಮೇಲೆ ತೋರಿಸ್ತಾರಲ್ಲ, ನಾನೂ ಬರ್ತೇನೆ. ಕಣ್ಣಲ್ಲಿ ನೋಡಿದರೆ ಆಮೇಲೆ ಯಾರೂ ಮಾತಾಡ್ಲಿಕ್ಕಿಲ್ಲ. ನಿಮಗೂ ಒಳ್ಳೆಯದು."

ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಆದರೆ ಅವರ ಕಣ್ಣು ಒಳಕೋಣೆಯ ಬಾಗಿಲಿನ ಮೇಲೆ ನೆಟ್ಟಿತ್ತು.

ಮರುದಿನ ಬೆಳಿಗ್ಗೆ ನಾನು ಹೊಳೆಬದಿಯ ನಮ್ಮ ಅಮ್ಮನ ಗುಡಿಗೆ ಹೋದೆ. ನೇತ್ರಾವತಿ ತುಂಬಿ ಕೆಂಪಾಗಿ ಹರಿಯುತ್ತಿತ್ತು. ನನಗೆ ಚೆಂದದ ಪ್ರಾರ್ಥನೆ ಬರುವುದಿಲ್ಲ. ಹೀಗೆ ಹೇಳಿದೆ: "ಅಮ್ಮ, ನನಗೆ ಯಾರ ಮೇಲೂ ನಂಬಿಕೆ ಇಲ್ಲ. ಹುಡುಗನ ಕಡೆಯವರ ಮೇಲೆ ಇಲ್ಲ, ಊರಿನವರ ಮೇಲೆ ಇಲ್ಲ, ಆಸ್ಪತ್ರೆಯ ಮೇಲೂ ಇಲ್ಲ. ಆಪರೇಶನ್ ಕೋಣೆಯೊಳಗೆ ನನ್ನನ್ನು ಬಿಡುವುದಿಲ್ಲವಂತೆ. ಅಲ್ಲಿ ಅವಳ ಪರವಾಗಿ ನೀನೇ ಯಾರನ್ನಾದರೂ ನಿಲ್ಲಿಸು."

ಆಸ್ಪತ್ರೆಗೆ ಹೊರಟ ದಿನ ಚಿಕ್ಕಮ್ಮನೂ ಜೊತೆಗೆ ಬಂದರು. ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲೆ ಹೋಗುವ ಬೆಳಗಿನ ಬಸ್ಸು. ಎರಡು ದಿನ ಮಲಗಿಸಿ, ಪರೀಕ್ಷೆ ಮಾಡಿ, ಆಮೇಲೆ ಆಪರೇಶನ್ ಎಂದು ಡಾಕ್ಟರು ಹೇಳಿದ್ದರಿಂದ ನಾವು ಅವಸರದಲ್ಲಿರಲಿಲ್ಲ. ಸಿದ್ಧಕಟ್ಟೆ ದಾಟಿ ಸ್ವಲ್ಪ ದೂರ ಹೋಗುವಾಗ ಸುಮತಿ ಇದ್ದಕ್ಕಿದ್ದ ಹಾಗೆ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ಬೆವರು ಹರಿಯತೊಡಗಿತು. "ಅಕ್ಕ, ಒಳಗೆ ಹಿಂಡಿದ ಹಾಗೆ ಆಗ್ತದೆ" ಎಂದು ಹೇಳಿ ನನ್ನ ತೊಡೆಯ ಮೇಲೆ ಬಿದ್ದಳು. ಕಂಡಕ್ಟರು ಹಿಂದೆ ಬಂದು ನೋಡಿದರು. ಮತ್ತೆ ಆ ಬಸ್ಸು ದಾರಿಯಲ್ಲಿ ಎಲ್ಲಿಯೂ ಜನ ಹತ್ತಿಸಲಿಲ್ಲ. ಆಸ್ಪತ್ರೆಯ ಎದುರಿಗೇ ತಂದು ನಿಲ್ಲಿಸಿದರು. ಆ ಡ್ರೈವರ್, ಕಂಡಕ್ಟರನ್ನು ಅಮ್ಮ ಚೆನ್ನಾಗಿ ಇಟ್ಟಿರಲಿ.

ಡಾಕ್ಟರು ಬಂದು ಮುಟ್ಟಿ ನೋಡಿದರು. ಗಡ್ಡೆ ತನ್ನ ತೊಟ್ಟಿನಲ್ಲೇ ತಿರುಚಿಕೊಂಡಿದೆ, ಇನ್ನು ಕಾಯುವಂತಿಲ್ಲ, ಇವತ್ತೇ ತೆಗೆಯಬೇಕು ಎಂದರು. "ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀಯಾ?" ಎಂದು ಸುಮತಿಯನ್ನು ಕೇಳಿದರು. ಅವಳು ಚಿಕ್ಕಮ್ಮನ ಕಡೆ ನೋಡಿ ಇಲ್ಲವೆಂದು ತಲೆ ಆಡಿಸಿದಳು. ನಾನೂ ಇಲ್ಲ ಎಂದೆ. ಬೆಳಿಗ್ಗೆ ನಾನು ಅವಳಿಗೆ ಏನೂ ಕೊಟ್ಟಿರಲಿಲ್ಲ.

ಆಗ ಬಂದವರು ಆ ಸಿಸ್ಟರ್. ಹಸಿರು ಅಂಗಿ, ತಲೆಗೆ ಹಸಿರು ಟೊಪ್ಪಿ, ಮೂಗು ಬಾಯಿ ಮುಚ್ಚಿದ ಬಟ್ಟೆ. ಎರಡು ಕಣ್ಣು ಮಾತ್ರ ಕಾಣುತ್ತಿತ್ತು. ವಾರ್ಡಿನ ಸಿಸ್ಟರಲ್ಲ, ಆಪರೇಶನ್ ಥಿಯೇಟರಿನವರು. ಮುಖ ಕಾಣಿಸದವರನ್ನು ಅಳೆಯುವುದು ಹೇಗೆ? ಅವರು ಸುಮತಿಯ ಕೈಹಿಡಿದು ಹೆಸರು ಕೇಳಿದರು. ಚೀಟಿಯಲ್ಲಿ ಬರೆದಿತ್ತು, ಆದರೂ ಕೇಳಿದರು. ಊರು ಯಾವುದು, ಯಾವ ಆಪರೇಶನ್ ಎಂದು ಹೇಳಿದ್ದಾರೆ, ಎಲ್ಲಿ ನೋವು, ಇದನ್ನೆಲ್ಲ ಮತ್ತೆ ಕೇಳಿದರು. ನನಗೆ ಇದು ವಿಚಾರಣೆಯ ಹಾಗೆ ಕಂಡಿತು.

ಸೇರುವ ದಿನ ಯಾವುದೆಂದು ಮೊದಲೇ ತಿಳಿದುಕೊಂಡಿದ್ದ ಕಾಂತಪ್ಪ ಅಷ್ಟರಲ್ಲಿ ವೇಣೂರಿನಿಂದ ಬಂದರು. ಸಿಸ್ಟರನ್ನು ಕಂಡವರೇ, "ಏನು ಹಿಲ್ಡಾ ಬಾಯಿ, ಇವತ್ತು ನೀವೇ ಇರುವುದಾ?" ಎಂದು ತುಳುವಿನಲ್ಲಿ ಮಾತಾಡಿಸಿದರು. ಅವರು ಮುಖದ ಬಟ್ಟೆ ಕೆಳಗೆ ಜಾರಿಸಿ ನಕ್ಕರು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಇಬ್ಬರ ಮನೆಗಳ ನಡುವೆ ಒಂದೇ ಗದ್ದೆಯಂತೆ.

ಅಂದರೆ ಒಳಗೆ ಆಗುವುದೆಲ್ಲ ಸಂಜೆಯೊಳಗೆ ವೇಣೂರಿಗೆ ಮುಟ್ಟುತ್ತದೆ. ಕಾಂತಪ್ಪ ಈ ಆಸ್ಪತ್ರೆಗೇ ಬರುತ್ತೇನೆಂದು ಅಷ್ಟು ಸುಲಭದಲ್ಲಿ ಹೇಳಿದ್ದು ಇದಕ್ಕೇ ಇರಬೇಕು ಎಂದುಕೊಂಡೆ.

ಮತ್ತೆ ನಡೆದದ್ದು ನನ್ನ ಸಂಶಯವನ್ನು ಇನ್ನೂ ಗಟ್ಟಿ ಮಾಡಿತು. ಹಿಲ್ಡಾ ಬಾಯಿ ಸುಮತಿಯನ್ನು ಥಿಯೇಟರಿನ ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ಚಿಕ್ಕಮ್ಮ ಹಿಂದೆಯೇ ಹೊರಟರು. "ನೀವು ಬೇಡ, ಹೊರಗೆ ಕೂತ್ಕೊಳ್ಳಿ" ಎಂದು ಹಿಲ್ಡಾ ಬಾಯಿ ತಡೆದರು. ನಾನು, "ನಾನು ಅಕ್ಕ" ಎಂದೆ. "ನೀವೂ ಹೊರಗೆ ಇರಿ ಅಕ್ಕ" ಎಂದು ನನ್ನ ಮುಖಕ್ಕೇ ಬಾಗಿಲು ಹಾಕಿದರು. ಒಳಗಿನಿಂದ ಸಣ್ಣ ದನಿ, ಆಮೇಲೆ ಸುಮತಿ ಅಳುವುದು ಕೇಳಿತು. ನಾನು ಬಾಗಿಲಿಗೆ ಕಿವಿ ಕೊಟ್ಟೆ. "ಯಾರ ಹತ್ತಿರವೂ ಹೇಳುವುದಿಲ್ಲ, ನೀನು ನನ್ನ ಹತ್ತಿರ ಸತ್ಯ ಹೇಳು" ಎಂಬಷ್ಟು ಮಾತ್ರ ಕೇಳಿಸಿತು. ಹೀಗೆ ಹೇಳಿಯೇ ಅಲ್ಲವೇ ಎಲ್ಲರೂ ಗುಟ್ಟು ತೆಗೆಯುವುದು.

ಬಾಗಿಲು ತೆರೆಯಿತು. ಹಿಲ್ಡಾ ಬಾಯಿ ನಮ್ಮ ಕಡೆ ನೋಡದೆ ನೇರ ಡಾಕ್ಟರ ಬಳಿ ಹೋದರು. ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿದರು. ಡಾಕ್ಟರ ಮುಖ ಬಿಗಿಯಾಯಿತು. "ನಿಲ್ಲಿಸಿ, ಮೊದಲು ಟ್ಯೂಬು ತನ್ನಿ" ಎಂದರು. ಒಂದು ರಬ್ಬರಿನ ಕೊಳವೆ, ಬೋಗುಣಿ ಒಳಗೆ ಹೋಯಿತು. ಸುಮತಿ ವಾಂತಿ ಮಾಡುವ ಸದ್ದು ಕೇಳಿತು.

ಕಾಂತಪ್ಪ ಕುರ್ಚಿಯಿಂದ ಎದ್ದರು. "ವಾಂತಿ" ಎಂದರು. ಅಷ್ಟೇ ಹೇಳಿ ನನ್ನನ್ನು ನೋಡಿದರು.

ನಾನು ಹಿಲ್ಡಾ ಬಾಯಿಯನ್ನು ತಡೆದು ಕೇಳಿದೆ, "ಎಂಥದಾಯ್ತು? ಅವಳು ನಿಮ್ಮ ಹತ್ತಿರ ಎಂಥ ಹೇಳಿದಳು?"

"ಹೊಟ್ಟೆ ಖಾಲಿ ಇಲ್ಲ, ಖಾಲಿ ಮಾಡ್ತಾ ಇದ್ದೇವೆ. ಹೆದರಬೇಡಿ."

"ಅವಳು ಏನೂ ತಿಂದಿಲ್ಲ."

ಅವರು ಮತ್ತೆ ಒಳಗೆ ಹೋದರು. ಚಿಕ್ಕಮ್ಮ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಗೋಡೆ ನೋಡುತ್ತಿದ್ದರು.

ಮಧ್ಯಾಹ್ನ ಆಪರೇಶನ್ ಶುರುವಾಯಿತು. ಆ ಬೆಂಚಿನ ಮೇಲೆ ಕೂತ ಹೊತ್ತನ್ನು ನಾನು ಬರೆಯಲಾರೆ. ಯಾವ ದೇವರ ಹೆಸರು ಹೇಳಿದೆ, ಯಾವುದು ಬಿಟ್ಟೆ ಎಂಬುದೂ ನೆನಪಿಲ್ಲ. ಅಮ್ಮನೂ ನನ್ನನ್ನು ಕೈಬಿಟ್ಟಳು, ಒಳಗೆ ನಿಲ್ಲಿಸಿದ್ದು ವೈರಿಯ ನೆರೆಯವಳನ್ನು ಎಂದು ಅಳು ಬಂತು.

ಬಿಸಿಲು ಇಳಿಯುವಾಗ ಬಾಗಿಲು ತೆರೆದು ಹಿಲ್ಡಾ ಬಾಯಿ ಹೊರಗೆ ಬಂದರು. ಕೈಯಲ್ಲಿ ಬಟ್ಟೆ ಮುಚ್ಚಿದ ಒಂದು ಬೋಗುಣಿ. "ತಂಗಿ ಚೆನ್ನಾಗಿದ್ದಾಳೆ. ತೆಗೆದಾಯ್ತು" ಎಂದರು.

ಕಾಂತಪ್ಪ ಮುಂದೆ ಬಂದರು. "ತೋರಿಸಿ ಬಾಯಿ. ಅದಕ್ಕೇ ಬಂದದ್ದು."

"ನಿಮಗೆ ಅಲ್ಲ. ಅಕ್ಕ, ನೀವು ಒಬ್ಬರೇ ಬನ್ನಿ."

"ಅವರೂ ನೋಡಲಿ" ಎಂದೆ ನಾನು. ನನಗೆ ಅದೇ ಬೇಕಿತ್ತು. ಎಲ್ಲರೂ ನೋಡಲಿ, ಬಾಯಿ ಮುಚ್ಚಲಿ. "ಇಲ್ಲಿಯೇ ತೆಗೆಯಿರಿ ಬಟ್ಟೆ."

ಹಿಲ್ಡಾ ಬಾಯಿ ನನ್ನ ಹತ್ತಿರ ಬಂದು ಸಣ್ಣಗೆ ಹೇಳಿದರು, "ಮೊದಲು ನೀವು ನೋಡಿ. ಆಮೇಲೆ ಯಾರಿಗೆ ತೋರಿಸುವುದು ಅಂತ ನೀವೇ ಹೇಳಿ."

ಒಳಗೆ ಹೋಗಿ ಬಟ್ಟೆ ಸರಿಸಿದರು. ತೆಂಗಿನಕಾಯಿಯಷ್ಟು ದೊಡ್ಡ ಗಡ್ಡೆ. ಡಾಕ್ಟರು ಅದನ್ನು ಸೀಳಿ ನೋಡಿದ್ದರು. ಒಳಗೆ ಹಳದಿ ಕೊಬ್ಬು, ಅದರ ನಡುವೆ ಒಂದು ಹಿಡಿ ಕಪ್ಪು ಕೂದಲು. ಕೂದಲಿನ ಬುಡದಲ್ಲಿ ಬೆಳ್ಳಗೆ ಒಂದು ಹಲ್ಲು.

ನಾನು ಗೋಡೆ ಹಿಡಿದುಕೊಂಡೆ. ಊರು ಹೇಳಿದ್ದೇ ನಿಜವೇ ಹಾಗಾದರೆ? ಕೈ ತೊಳೆಯುತ್ತಿದ್ದ ಡಾಕ್ಟರು ನನ್ನ ಮುಖ ನೋಡಿಯೇ ತಿಳಿದುಕೊಂಡರು. "ನೀವು ಅಂದುಕೊಂಡದ್ದು ಅಲ್ಲಮ್ಮ. ಇದು ಹುಟ್ಟುವಾಗಲೇ ಬರುವ ಗಡ್ಡೆ. ಇಂಥದರಲ್ಲಿ ಕೂದಲು, ಹಲ್ಲು ಬೆಳೆಯುವುದುಂಟು. ಸಣ್ಣ ಮಕ್ಕಳ ಹೊಟ್ಟೆಯಿಂದಲೂ ತೆಗೆಯುತ್ತಾರೆ. ನಿಮ್ಮ ತಂಗಿಯ ಗರ್ಭಕೋಶ ಮುಟ್ಟಲೇ ಇಲ್ಲ, ಅದು ಸರಿಯಾಗಿ ಉಂಟು. ಒಂದು ಅಂಡಾಶಯ ಹೋಯಿತು, ಇನ್ನೊಂದು ಇದೆ. ಮಕ್ಕಳಾಗಲು ಅದು ಸಾಕು."

ಆಗ ನನಗೆ ಅರ್ಥವಾಯಿತು. ಆ ಬೋಗುಣಿಯ ಬಟ್ಟೆಯನ್ನು ಹೊರಗೆ, ಕಾಂತಪ್ಪನ ಎದುರು ಸರಿಸಿದ್ದರೆ? ಆ ಕೂದಲನ್ನು ಕಂಡ ಮೇಲೆ ಯಾವ ಡಾಕ್ಟರು ಬಂದು ಹೇಳಿದರೂ ಯಾರು ನಂಬುತ್ತಿದ್ದರು? ಹಿಲ್ಡಾ ಬಾಯಿ ಬೋಗುಣಿ ಹಿಡಿದು ನನ್ನ ಮಾತಿಗಾಗಿ ಕಾಯುತ್ತಿದ್ದರು. "ಮುಚ್ಚಿ ಬಾಯಿ" ಎಂದೆ.

ಹೊರಗೆ ಕಾಂತಪ್ಪ ಅವರನ್ನೇ ಹಿಡಿದುಕೊಂಡರು. "ನೀವು ನಮ್ಮ ಊರಿನವರು. ನಮ್ಮ ಮನೆಗೆ ಬರುವ ಹುಡುಗಿ. ಇದ್ದದ್ದು ಹೇಳಿ."

"ಥಿಯೇಟರಿನ ವಿಷಯ ನಾನು ನನ್ನ ಅಮ್ಮನ ಹತ್ತಿರವೂ ಹೇಳುವುದಿಲ್ಲ ಕಾಂತಪ್ಪಣ್ಣ. ಗಡ್ಡೆ ಅಂತ ಡಾಕ್ಟ್ರು ಹೇಳಿದ್ದಾರೆ. ಹೆಚ್ಚು ಬೇಕಾದರೆ ಅವಳನ್ನೇ ಕೇಳಿ, ಎಚ್ಚರ ಆದ ಮೇಲೆ."

"ಹೇಳ್ಲಿಕ್ಕೆ ಆಗದ್ದು ಅಂತ ಆಯ್ತಲ್ಲ" ಎಂದು ಕಾಂತಪ್ಪ ಕೊಡೆ ತೆಗೆದುಕೊಂಡು ಹೊರಟರು. ಆ ವಾರದಲ್ಲೇ ಸಂಬಂಧ ಬೇಡವೆಂದು ಹೇಳಿ ಕಳಿಸಿದರು.

ಸುಮತಿಗೆ ಮಾತಾಡುವಷ್ಟು ಬಲ ಬಂದ ಮೇಲೆ, ನಾನು ಗಂಜಿ ತಿನ್ನಿಸುವಾಗ ಅವಳೇ ಹೇಳಿದಳು. ಹೊರಟ ದಿನ ಬೆಳಿಗ್ಗೆ ನಾನು ಹೊಳೆಬದಿಯ ಗುಡಿಗೆ ಮತ್ತೊಮ್ಮೆ ಕೈಮುಗಿಯಲು ಹೋಗಿದ್ದಾಗ ಚಿಕ್ಕಮ್ಮ ಹೊಟ್ಟೆತುಂಬ ಗಂಜಿ ಉಣ್ಣಿಸಿ, ಅದರ ಮೇಲೆ ಯಾವುದೋ ಬೇರಿನ ಕಷಾಯ ಕುಡಿಸಿದ್ದರಂತೆ. "ಇದು ಕುಡಿದರೆ ಆಸ್ಪತ್ರೆಯೇ ಬೇಡ, ಎಲ್ಲ ಇಳಿದು ಹೋಗ್ತದೆ, ಅಕ್ಕನಿಗೆ ಹೇಳಬೇಡ" ಎಂದಿದ್ದರಂತೆ. ನಾಲ್ಕು ಜನರ ಮುಂದೆ ಡಾಕ್ಟರು ಕೇಳಿದಾಗ, ಚಿಕ್ಕಮ್ಮ ಎದುರಿಗೇ ಇರುವಾಗ, ಅವಳು ಹೇಗೆ ಹೇಳಿಯಾಳು?

"ಹಿಲ್ಡಾ ಬಾಯಿಯ ಹತ್ತಿರ ಹೇಗೆ ಹೇಳಿದೆ ಮತ್ತೆ?" ಎಂದು ಕೇಳಿದೆ.

"ಅವರು ಬಾಗಿಲು ಹಾಕಿದರಲ್ಲ" ಎಂದಳು.

ಗಾಯದ ಹೊಲಿಗೆ ನೋಡಲು ಬಂದ ಡಾಕ್ಟರು ನನಗೆ ಬಿಡಿಸಿ ಹೇಳಿದರು. ತುಂಬಿದ ಹೊಟ್ಟೆಯಲ್ಲಿ ಮತ್ತು ಬರಿಸುವ ಮದ್ದು ಕೊಟ್ಟರೆ, ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೇಜಿನ ಮೇಲೆಯೇ ಜೀವ ಹೋಗಬಹುದು. "ಸಿಸ್ಟರ್ ಎರಡನೇ ಸಲ ಕೇಳಿದ್ದು ಒಳ್ಳೆಯದಾಯ್ತು. ಅದಕ್ಕೇ ನಾವು ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೇಳುವುದು" ಎಂದರು.

ನಾನು ಹಿಲ್ಡಾ ಬಾಯಿಯನ್ನು ಹುಡುಕಿಕೊಂಡು ಹೋದೆ. ಥಿಯೇಟರಿನ ಹಿಂದಿನ ಜಗಲಿಯಲ್ಲಿ ಹಸಿರು ಬಟ್ಟೆ ಮಡಚಿ, ಕ್ರಿಮಿ ಸಾಯಲು ಹಬೆಯಲ್ಲಿ ಕುದಿಸುವ ಡಬ್ಬಿಗೆ ತುಂಬುತ್ತಿದ್ದರು. ನಾನೂ ಬಟ್ಟೆಯ ಕೆಲಸದವಳು, ಹತ್ತಿರ ಕೂತು ಮಡಚಲು ಕೈ ಚಾಚಿದೆ. "ಮುಟ್ಟಬೇಡಿ" ಎಂದರು, ಆಮೇಲೆ ನಕ್ಕರು. ಆವತ್ತು ಅವರು ಹೇಳಿದ್ದರಿಂದಲೇ ಥಿಯೇಟರ್ ಸಿಸ್ಟರ್ ಎಂದರೆ ಡಾಕ್ಟರ ಕೈಗೆ ಕತ್ತರಿ ಕೊಡುವವಳು ಮಾತ್ರವಲ್ಲ ಎಂದು ನನಗೆ ಗೊತ್ತಾದದ್ದು. ಬಂದವಳು ಆ ಚೀಟಿಯವಳೇ ಹೌದೋ ಎಂದು ನೋಡುವವರು ಅವರು. ಕತ್ತರಿ, ಸೂಜಿ, ಬಟ್ಟೆ ಕುದ್ದಿದೆಯೋ, ಕುದ್ದ ಮೇಲೆ ಯಾರಾದರೂ ಮುಟ್ಟಿದ್ದಾರೋ ಎಂದು ನೋಡುವವರು ಅವರು. ರಕ್ತ ಒರೆಸಿದ ಬಟ್ಟೆ ತುಂಡುಗಳೆಲ್ಲ ಹೊರಗೆ ಬಂದಿವೆ ಎಂದು ಲೆಕ್ಕ ಸರಿಬರುವವರೆಗೆ ಹೊಟ್ಟೆ ಹೊಲಿಯಲು ಡಾಕ್ಟರೂ ಕಾಯುತ್ತಾರೆ. ಮಲಗಿದವರಿಗೆ ಮದ್ದಿನ ಮತ್ತು ಏರುವವರೆಗೆ ಕೈಹಿಡಿದು ನಿಲ್ಲುವುದೂ ಅವರೇ.

"ನಾವು ಯಾರನ್ನೂ ನಂಬುವುದಿಲ್ಲ ಅಕ್ಕ" ಎಂದರು ಹಿಲ್ಡಾ ಬಾಯಿ. "ಏನೂ ತಿಂದಿಲ್ಲ ಅಂದರೆ ಅದನ್ನೂ ನಂಬುವುದಿಲ್ಲ. ನಾನೇ ಕುದಿಸಿದ ಚಿಮಟವನ್ನೂ ಇನ್ನೊಮ್ಮೆ ನೋಡ್ತೇನೆ. ಮೇಜಿನ ಮೇಲೆ ಮಲಗಿದವರಿಗೆ ಬಾಯಿ ಇಲ್ಲ. ಅವರ ಪರವಾಗಿ ಯಾರಾದರೂ ಸಂಶಯ ಪಡಬೇಕಲ್ಲ."

ಊರೆಲ್ಲ ಸುಮತಿಯ ಮೇಲೆ ಸಂಶಯಪಟ್ಟಿತ್ತು. ಸುಮತಿಗಾಗಿ ಸಂಶಯಪಟ್ಟವರು ಇವರೊಬ್ಬರು. ನಾನು ಗುಡಿಯಲ್ಲಿ ಬೇಡಿದ್ದು ಸಿಕ್ಕಿ ಎಷ್ಟೋ ದಿನವಾಗಿತ್ತು, ನನಗೆ ಗೊತ್ತಾದದ್ದು ಆ ಜಗಲಿಯಲ್ಲಿ.

ಕಷಾಯದ ವಿಷಯವನ್ನು ಅವರು ಆಗಲೂ ಎತ್ತಲಿಲ್ಲ. ನಾನೇ, "ಚಿಕ್ಕಮ್ಮ ಕೊಟ್ಟದ್ದಂತೆ" ಎಂದೆ. "ಹೌದಾ" ಎಂದಷ್ಟೇ ಹೇಳಿ ಇನ್ನೊಂದು ಬಟ್ಟೆ ಮಡಚಿದರು.

ಒಂದು ವರ್ಷ ಕಳೆಯಿತು. ನಾನು ಸುಮತಿಗೆ ಬೇರೆ ಸಂಬಂಧ ನೋಡುತ್ತಿದ್ದೆ, ಒಂದೂ ಮುಂದೆ ಹೋಗುತ್ತಿರಲಿಲ್ಲ. ಒಂದು ದಿನ ವಸಂತನ ತಾಯಿ ನನ್ನ ಅಂಗಡಿಗೆ ಬಂದರು. ರವಿಕೆ ಹೊಲಿಸಲಿಕ್ಕಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ಇನ್ನು ಏನು ಕೆದಕಲು ಬಂದದ್ದೋ ಎಂದು ನಾನು ಮೆಷಿನ್ ನಿಲ್ಲಿಸದೆ ತುಳಿಯುತ್ತಲೇ ಇದ್ದೆ.

ಅವರು ತಾವಾಗಿ ಹೇಳಿದರು. ಅವರಿಗೆ ಅದೇ ಥಿಯೇಟರಿನಲ್ಲಿ ಗರ್ಭಕೋಶದ ಆಪರೇಶನ್ ಆಗಿತ್ತು. ಮಲಗಿಸುವ ಮೊದಲು, ಊರಿನಲ್ಲಿ ಹೇಳಬೇಡಿ ಎಂದು ಹಿಲ್ಡಾ ಬಾಯಿಯನ್ನು ಬೇಡಿಕೊಂಡರಂತೆ. "ನಾನು ಯಾರದ್ದೂ ಹೇಳಿದ್ದಿಲ್ಲ ಅಮ್ಮ. ಯಾರದ್ದಾದರೂ ನಿಮ್ಮ ಕಿವಿಗೆ ಬಿದ್ದದ್ದುಂಟಾ?" ಎಂದು ಹಿಲ್ಡಾ ಬಾಯಿ ಕೇಳಿದರಂತೆ.

"ಆವತ್ತು ಅವರು ನಿಮ್ಮ ತಂಗಿಯ ವಿಷಯ ಹೇಳಲಿಲ್ಲ ಅಂತ ನಮ್ಮ ಅಣ್ಣ ಏನೇನೋ ಲೆಕ್ಕ ಹಾಕಿದ. ಅವರು ನನ್ನದೂ ಹೇಳಲಿಲ್ಲವಲ್ಲ" ಎಂದರು ಆ ತಾಯಿ. "ವಸಂತ ಬೇರೆ ಹುಡುಗಿ ನೋಡ್ಲಿಕ್ಕೆ ಒಪ್ಪುವುದಿಲ್ಲ. ಕೇಳಿ ನೋಡುವ ಅಂತ ಬಂದೆ."

ನಾನು ಒಪ್ಪಿಬಿಡುತ್ತಿದ್ದೆ. ಸುಮತಿ ಒಪ್ಪಲಿಲ್ಲ. "ಅವರೇ ಬರಲಿ, ನಾನು ಮಾತಾಡ್ತೇನೆ" ಎಂದಳು.

ವಸಂತ ಬಂದ. ನಮ್ಮ ಜಗಲಿಯಲ್ಲಿ ಕೂತ. ಸುಮತಿ ಎದುರಿಗೆ ನಿಂತು ಎಲ್ಲ ಹೇಳಿದಳು: ಗಡ್ಡೆ, ಬಸ್ಸಿನಲ್ಲಿ ಬಿದ್ದದ್ದು, ಕೂದಲು, ಹಲ್ಲು, ಕಷಾಯ, ಒಂದು ಅಂಡಾಶಯ ಇಲ್ಲದ್ದು. ಒಂದನ್ನೂ ಬಿಡಲಿಲ್ಲ. ನಾನು ಬಾಗಿಲ ಸಂದಿನಿಂದ ಅವನ ಮುಖ ನೋಡುತ್ತಿದ್ದೆ, ಎಲ್ಲಿ ಬಣ್ಣ ಬದಲಾಗುತ್ತದೆ ಎಂದು. ಅವನು ತಲೆ ಎತ್ತಿ ಕೇಳಿದ, "ಬಸ್ಸಿನಲ್ಲಿ ತುಂಬ ನೋವಿತ್ತಾ?"

ಅಷ್ಟು ತಿಂಗಳಲ್ಲಿ ಅವಳನ್ನು ಯಾರ್ಯಾರೋ ಏನೇನೋ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸುಮತಿ ಅಲ್ಲಿಯೇ ಕೂತು ಅತ್ತಳು.

ಮದುವೆಯಾಯಿತು. ಕಾಂತಪ್ಪನೂ ಬಂದು ಅಕ್ಷತೆ ಹಾಕಿದರು. ಈಗ ಸುಮತಿಗೆ ಎರಡು ಮಕ್ಕಳು, ಬೆಳ್ತಂಗಡಿಯಲ್ಲಿ ಅಂಗಡಿಯ ಹಿಂದೆಯೇ ಮನೆ.

ನಾನು ಸಂಶಯದ ಹೆಂಗಸೇ, ಅಮ್ಮ ನನ್ನ ಆ ಗುಣವನ್ನು ಬದಲಾಯಿಸಲಿಲ್ಲ. ಬದಲಾದದ್ದು ಇಷ್ಟು: ಬೇಡಿದ್ದನ್ನು ಅವಳು ನಮಗೆ ಬೇಡದ ಮುಖದಲ್ಲಿ ಕಳಿಸಿದರೂ ಕಳಿಸುತ್ತಾಳೆ ಎಂದು ನಂಬಿದ್ದೇನೆ. ನಿಮ್ಮ ಮನೆಯವರು ಯಾರಾದರೂ ಆಪರೇಶನ್ನಿಗೆ ಹೋದರೆ ಥಿಯೇಟರಿನ ಸಿಸ್ಟರ್ ಕೇಳಿದ್ದಕ್ಕೆಲ್ಲ ನಿಜ ಹೇಳಿ, ಎರಡು ಸಲ ಕೇಳಿದರೆ ಎರಡು ಸಲ ಹೇಳಿ. ಗುಣವಾದ ಮೇಲೆ ಡಾಕ್ಟರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆ ಬಟ್ಟೆ ಮುಚ್ಚಿದ ಮುಖದವರ ಹೆಸರನ್ನೂ ಒಮ್ಮೆ ಕೇಳಿ ತಿಳಿದುಕೊಳ್ಳಿ.

ಸುಮತಿಯ ಮೊದಲ ಮಗುವಿಗೆ ಅನ್ನ ತಿನ್ನಿಸಿದ ದಿನ ಅಮ್ಮನಿಗೆ ಹೂವಿನ ಪೂಜೆ ಮಾಡಿಸಿದೆವು. ಸಂಕಲ್ಪಕ್ಕೆ ಭಟ್ಟರು ಹೆಸರು ಕೇಳಿದರು. ಮನೆಯವರದ್ದೆಲ್ಲ ಹೇಳಿ ಮುಗಿಸಿ, "ಹಿಲ್ಡಾ" ಎಂದೆ.

ಭಟ್ಟರು ತಲೆ ಎತ್ತಿದರು. "ನಕ್ಷತ್ರ ಯಾವುದು?"

"ಗೊತ್ತಿಲ್ಲ ಭಟ್ರೇ."

"ನಿಮಗೆ ಎಂಥ ಆಗಬೇಕು ಅವರು?"

ಸುಮತಿ ಮಗುವನ್ನು ಹೆಗಲಿಗೆ ಹಾಕಿಕೊಂಡು, "ನಮ್ಮವರೇ" ಎಂದಳು.

ಭಟ್ಟರು ಹೂವು ಕೈಗೆತ್ತಿಕೊಂಡು ಆ ಹೆಸರನ್ನು ಅಮ್ಮನ ಮುಂದೆ ಸ್ಪಷ್ಟವಾಗಿ ಹೇಳಿದರು.